ಬೀರವ್ವ ಸೇತುವೆಯ ಮೇಲೆ ನಿಂತಿದ್ದಾಳೆ

1

ಎಲ್ಲಿಂದ ಶುರು ಮಾಡುವುದು? ದಾಳ ಮಂಚದ ಬುಡಕ್ಕೆ ಹೋದಲ್ಲಿಂದಲೋ, ಮಾತು ಬಿಟ್ಟಲ್ಲಿಂದಲೋ, ಅಥವಾ ಲ್ಯಾಪ್‌ಟಾಪಿನಲ್ಲಿ ಮುದುಕಿಯೊಬ್ಬಳು ಹಗ್ಗದ ಸೇತುವೆಯ ನಟ್ಟನಡುವೆ ನಿಂತುಬಿಟ್ಟಿರುವ ಈ ಭಾನುವಾರದ ಮಧ್ಯಾಹ್ನದಿಂದಲೋ? ಮೂರೂ ಕಡೆಯಿಂದ ಶುರು ಮಾಡಿ ನೋಡಿದೆ. ಮೂರೂ ಸಲ ಮುದುಕಿ ಅಲ್ಲೇ ನಿಂತಿದ್ದಳು.

(ಮೊದಲ ಕರಡಿನಲ್ಲಿ ಮಲಪ್ರಭೆಯ ಮೇಲೆ ಸಂಜೆಬಿಸಿಲು ಬಿದ್ದಿತ್ತು. ಕಥೆಗೂ ಅದಕ್ಕೂ ಸಂಬಂಧವಿರಲಿಲ್ಲ. ಬಿಸಿಲನ್ನು ಅಲ್ಲೇ ಬಿಟ್ಟುಬಂದಿದ್ದೇನೆ, ಬೇಕಾದವರು ತೆಗೆದುಕೊಳ್ಳಬಹುದು.)

1, ಮತ್ತೊಮ್ಮೆ

ಬೈಲಹೊಂಗಲದ ನಾಜಿಮಾ ಬ್ಲೌಸ್ ಹೊಲಿಯುತ್ತಾಳೆ.

"ತಡೀರಿ," ಎಂದಳು ನಾಜಿಮಾ. "ಬರೇ ಬ್ಲೌಸ್ ಅಂತ ಯಾಕ ಬರದ್ರಿ? ಚೂಡಿದಾರನೂ ಹೊಲೀತೇನಿ. ಕಂಪ್ಯೂಟರ್ ಎಂಬ್ರಾಯ್ಡರಿನೂ ಐತಿ. ಗಿರಾಕಿ ಓದಿದ್ರ ಏನ್ ತಿಳ್ಕೋಬೇಕು?"

ತಿದ್ದಿದ್ದೇನೆ. ನಾಜಿಮಾ ಎಲ್ಲವನ್ನೂ ಹೊಲಿಯುತ್ತಾಳೆ. ಮಷೀನಿನ ಪಕ್ಕದ ಲ್ಯಾಪ್‌ಟಾಪಿನಲ್ಲಿ ವಾರವಿಡೀ ಕಸೂತಿಯ ನವಿಲುಗಳು. ಭಾನುವಾರ ಊಟವಾದ ಮೇಲೆ ಅವಳು ಅಂಗಡಿಯ ಶಟರನ್ನು ಅರ್ಧ ಇಳಿಸಿ, ನವಿಲುಗಳನ್ನು ಮುಚ್ಚಿ, ಒಂದು ಕೋಟೆಯನ್ನು ತೆರೆಯುತ್ತಾಳೆ.

2

ಕೋಟೆ ಆಟದ್ದು. ಆಟ ಏನೆಂದು ನನಗೂ ಪೂರ್ತಿ ತಿಳಿದಿಲ್ಲ. ತಿಳಿದಷ್ಟು ಹೇಳುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ: ಇಲ್ಲಿ ಕಾಡಿದೆ, ಇಲ್ಲಿ ಹೊಳೆ, ಅಗೋ ಕಳ್ಳರು. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ಪಾರು, ಕಡಿಮೆ ಬಿದ್ದರೆ ಪೇಚು, ಒಂದು ಬಿದ್ದರೆ ಆ ಪಾತ್ರದ ಕಥೆ ಮುಗಿಯಿತು.

ಕಾಲೇಜಿನಲ್ಲಿದ್ದಾಗ ನಾಜಿಮಾ ಮತ್ತು ಅವಳ ಮೂವರು ಗೆಳೆಯರು ಒಂದೇ ಮೇಜಿನ ಸುತ್ತ ಕೂತು ಆಡುತ್ತಿದ್ದರು. ಈಗ ನಾಲ್ಕು ಊರು. ನಾಜಿಮಾ ಬೈಲಹೊಂಗಲದಲ್ಲಿ, ಅನ್ನಪೂರ್ಣಾ ಕಿತ್ತೂರಿನಲ್ಲಿ, ಔಷಧಿ ಅಂಗಡಿ; ವಿರೂಪಾಕ್ಷ ಸವದತ್ತಿಯಲ್ಲಿ, ಹೈಸ್ಕೂಲಿನ ಗಣಿತದ ಮಾಸ್ತರ; ಸರ್ಫರಾಜ ರಾಮದುರ್ಗದಲ್ಲಿ, ಮಂಚ-ಕಪಾಟುಗಳ ಅಂಗಡಿ. ಮೇಜಿನ ಜಾಗಕ್ಕೆ ಸಾಫ್ಟ್‌ವೇರ್ ಬಂತು. ಅದರಲ್ಲಿ ನಕ್ಷೆ, ನಕ್ಷೆಯ ಮೇಲೆ ಪಾತ್ರಕ್ಕೊಂದು ದುಂಡನೆಯ ಬಿಲ್ಲೆ, ಪಕ್ಕದ ಚೌಕಗಳಲ್ಲಿ ಆಡುವವರ ಮುಖ, ಬಟನ್ ಒತ್ತಿದರೆ ಉರುಳುವ ದಾಳ.

(ಕೋಟೆ ಕಿತ್ತೂರಿನದಲ್ಲ. ಅನ್ನಪೂರ್ಣಾ ಮೂರು ಸಲ ಕೇಳಿದ್ದಾಳೆ.)

ಕಥೆ ನಡೆಸುವವಳು ನಾಜಿಮಾ. ಸಾಫ್ಟ್‌ವೇರನ್ನು ಅವಳು ತನ್ನ ಕಸುಬಿನಿಂದಲೇ ಅರ್ಥಮಾಡಿಕೊಂಡಳು. ಮೇಲೆ ಎಲ್ಲರಿಗೂ ಕಾಣುವ ಬಟ್ಟೆ. ಒಳಗೆ ಅವಳೊಬ್ಬಳಿಗೇ ಕಾಣುವ ಅಸ್ತರು: ಅಡಗಿದ ಕಳ್ಳರು, ಮುಚ್ಚಿದ ಬಾವಿ, ಮತ್ತು ಗುಟ್ಟಿನ ದಾಳ. ಕಥೆ ನಡೆಸುವವರು ಉರುಳಿಸಿದ ಗುಟ್ಟಿನ ದಾಳ ಬೇರೆಯವರಿಗೆ ಕಾಣುವುದಿಲ್ಲ. ಬಾಯಿಂದ ಹೇಳಿದ್ದೇ ಲೆಕ್ಕ.

3

ಜಗಳಕ್ಕೆ ಬರೋಣ. ಸರ್ಫರಾಜನ ಪಾತ್ರದ ಹೆಸರು ಬೀರವ್ವ. ಆಡು ಕಾಯುವ ಮುದುಕಿ, ಕೋಲೆತ್ತಿದರೆ ಗಾಳಿ ನಿಲ್ಲುತ್ತದೆ. ಬಾಗಿಲಗಲದ ಆ ಮನುಷ್ಯ ಬೀರವ್ವನಾಗಿ ಸಣ್ಣ ನಡುಗುವ ದನಿ ತೆಗೆದರೆ ಅವನ ಅಂಗಡಿಯ ಗಿರಾಕಿಗಳು ಹಿಂತಿರುಗಿ ನೋಡುತ್ತಿದ್ದರು. ಅವನಿಗೆ ಕಂಪ್ಯೂಟರಿನ ದಾಳದ ಮೇಲೆ ನಂಬಿಕೆಯಿಲ್ಲ. ಸಾಗವಾನಿಯಲ್ಲಿ ತಾನೇ ಇಪ್ಪತ್ತು ಮುಖ ಕೆತ್ತಿದ ದಾಳ ಅವನದು. ಅಂಥದ್ದು ಜಿಲ್ಲೆಯಲ್ಲೇ ಇನ್ನೊಂದಿಲ್ಲ ಎಂದು ಅವನೇ ಹೇಳಿದ್ದಾನೆ, ಬಹಳ ಸಲ.

ದಸರೆಯ ಹಿಂದಿನ ಭಾನುವಾರ ಆ ದಾಳ ಉರುಳಿ ಮಾರಾಟದ ಮಂಚವೊಂದರ ಬುಡಕ್ಕೆ ಹೋಯಿತು. ಸರ್ಫರಾಜ ಬಗ್ಗಿ ನೋಡಿ, "ಇಪ್ಪತ್ತ!" ಎಂದ.

"ಮಂಚದ ಬುಡಕ ಯಾರ್ ಕಂಡಾರ?" ಎಂದ ವಿರೂಪಾಕ್ಷ. "ಕಂಪ್ಯೂಟರಿನ ದಾಳ ಉರುಳಸು. ಅದು ಸುಳ್ಳ ಹೇಳಂಗಿಲ್ಲ."

"ಅಂದ್ರ ನಾ ಹೇಳತೇನಿ?"

ಸರ್ಫರಾಜನ ಹೆಸರಿನ ಮುಂದಿನ ಹಸಿರು ಚುಕ್ಕೆ ಆರಿತು. ಮತ್ತೆ ಹೊತ್ತಿಲ್ಲ.

ಬೀರವ್ವ ಮಾತ್ರ ನಕ್ಷೆಯ ಮೇಲೆ ಉಳಿದಳು. ನಾಜಿಮಾ ಅವಳನ್ನು ಎಲ್ಲರ ಹಿಂದೆ ನಡೆಸಿಕೊಂಡು ಬಂದಳು. ಅಪಾಯ ಬಂದಾಗ ಅವಳ ಪರವಾಗಿ ಗುಟ್ಟಿನ ದಾಳ ಉರುಳಿಸಿದಳು. ಮೂರು ಬಿದ್ದರೆ ಹದಿನೇಳೆಂದಳು, ಐದು ಬಿದ್ದರೆ ಹದಿನೆಂಟೆಂದಳು. ಅವರ ಆಟದಲ್ಲಿ ಸತ್ತ ಪಾತ್ರ ತಿರುಗಿ ಬರುವಂತಿಲ್ಲ. ಬೀರವ್ವ ಸತ್ತರೆ ಸರ್ಫರಾಜನಿಗೆ ತಿರುಗಿ ಬರಲು ಏನಿದೆ?

"ಇದನ್ನ ಬರೀಬ್ಯಾಡ್ರಿ," ಎಂದಳು ನಾಜಿಮಾ.

ಬರೆದಾಗಿದೆ.

4

ಈ ಭಾನುವಾರ. ಹೊಳೆ, ಹಗ್ಗದ ಸೇತುವೆ. ಅನ್ನಪೂರ್ಣಾಳ ಬಿಲ್ಲೆ ದಾಟಿತು, ವಿರೂಪಾಕ್ಷನದೂ ದಾಟಿತು. ಬೀರವ್ವ ನಡುವೆ ಬಂದಾಗ ಹಗ್ಗ ಹರಿಯತೊಡಗಿತು. ನಾಜಿಮಾ ಗುಟ್ಟಿನ ದಾಳ ಒತ್ತಿದಳು.

ಒಂದು.

ಅವಳಿನ್ನೂ ಬಾಯಿ ತೆರೆದಿರಲಿಲ್ಲ.

"ಅಯ್ಯಯ್ಯ, ಬೀರವ್ವಾ!" ಎಂದು ಅನ್ನಪೂರ್ಣಾ ಕಿತ್ತೂರಿನಿಂದ ಚೀರಿದಳು.

ಶಟರಿನ ಹೊರಗೆ ಒಂದು ಟಂಟಂ ರಿಕ್ಷಾ ಹಾರ್ನ್ ಹೊಡೆದು ಹೋಯಿತು. ನಾಜಿಮಾ ನಿಧಾನಕ್ಕೆ ಕೇಳಿದಳು: "ಅನ್ನಪೂರ್ಣಾ, ನಿನಗ ಹೆಂಗ ಗೊತ್ತಾತು?"

"ಏನ್ ಗೊತ್ತಾತು? ಸುಮ್ಮನ ಅಂದೆ. ಗಿರಾಕಿ ಬಂದಾರ, ತಡಿ…"

"ಯಾವ ಗಿರಾಕಿನೂ ಬಂದಿಲ್ಲ. ಕ್ಯಾಮೆರಾ ಚಾಲೂ ಐತಿ."

ಕೊನೆಗೆ ವಿರೂಪಾಕ್ಷ ಕೆಮ್ಮಿದ. "ನಾಜಿಮಾ, ಸಿಟ್ಟಾಗಬ್ಯಾಡ. ನಿನ್ನ ಗುಟ್ಟಿನ ದಾಳ ನಮಗ ಕಾಣತೈತಿ."

"ಯಾವಾಗಿಂದ?"

"ದೀಪಾವಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಆತಲ್ಲ, ಅವಾಗಿಂದ. ಸೆಟಿಂಗಿನಾಗ ಯಾವುದೋ ಟಿಕ್ ಹಾರಿ ಹೋಗಿರಬೇಕು."

"ಮತ್ತ ಹೇಳಬಾರದೇನ್ಲೇ?"

"ಹೆಂಗ ಹೇಳೂದು?" ಅನ್ನಪೂರ್ಣಾ ನಡುವೆ ಬಂದಳು. "ನಾಕು ಬಿದ್ದಿರತೈತಿ, ನೀ ಹಿಗ್ಗಿಲೇ ಹದಿನೇಳು ಅಂತಿದ್ದಿ. ಮುಖ ನೋಡಿದ್ರ ಹೇಳಾಕ ಮನಸ್ಸ ಬರತಿರಲಿಲ್ಲ. 'ಅಬ್ಬಾ, ಉಳಕೊಂಡ್ಳು' ಅಂತ ನಾವೂ ಅಂತಿದ್ವಿ."

"ಕಳ್ಳರು ಎಲ್ಲೆ ಅಡಗ್ಯಾರ ಅನ್ನೂದೂ ಕಾಣತಿತ್ತೇನು?"

"ಕಾಣತಿತ್ತು," ಎಂದ ವಿರೂಪಾಕ್ಷ.

"ಮತ್ತ ಪ್ರತಿ ಸಲ ಅಲ್ಲೇ ಹೋಗಿ ಬೀಳತಿದ್ರಿ?"

"ಅಷ್ಟ ಕಷ್ಟಪಟ್ಟು ಅಡಗಿಸಿಟ್ಟಿದ್ದಿ. ಹೋಗಲಿಲ್ಲಂದ್ರ ನಿನಗ ಕೆಟ್ಟ ಅನಸತೈತಿ ಅಂತ."

(ಓದುಗರೇ, ಇಲ್ಲಿ ನನಗೇ ತಲೆ ಕೆಟ್ಟಿದೆ. ಅವಳು ಅವರಿಗೆ ಮೋಸ ಮಾಡುತ್ತಿದ್ದಳೋ, ಮೋಸ ಹೋದವರ ಹಾಗೆ ನಟಿಸಿ ಅವರು ಅವಳಿಗೆ ಮಾಡುತ್ತಿದ್ದರೋ? ಒಂದು ಚಿತ್ರ ಬರೆದು ನೋಡಿದೆ. ಬಾಣಗಳೆಲ್ಲ ಒಂದನ್ನೊಂದು ತಿವಿದವು.)

ಇಷ್ಟು ದಿನ ಅಸ್ತರನ್ನು ಹೊರಗೆ ಮಾಡಿ ತೊಟ್ಟು ಊರೆಲ್ಲ ತಿರುಗಿದ ಹಾಗಾಯಿತು ನಾಜಿಮಾಗೆ. ಕಂಡವರೆಲ್ಲ ಚಂದ ಕಾಣುತ್ತೀ ಎಂದಿದ್ದರು. ಅಳು ಬಂದಿತು.

"ಬಂದಿಲ್ಲ," ಎಂದಳು ನಾಜಿಮಾ.

ಸರಿ, ಬರಲಿಲ್ಲ. ಸಿಟ್ಟು ಬಂತು, ಅದೂ ಬೇರೆಯದೇ ಕಾರಣಕ್ಕೆ. "ವಿರೂಪಾಕ್ಷ, ಕಂಪ್ಯೂಟರಿನ ದಾಳ ಸುಳ್ಳ ಹೇಳಂಗಿಲ್ಲ ಅಂದಿದ್ದಿ. ನಾ ಸುಳ್ಳ ಹೇಳೂದನ್ನ ದೀಪಾವಳಿಯಿಂದ ನೀ ನೋಡಕೋತ ಕುಂತಿ. ನನಗೊಂದ ಮಾತು ಅನ್ನಲಿಲ್ಲ. ಮಂಚದ ಬುಡಕ ಬಗ್ಗಿ ನೋಡಿದಾವಗ ಮಾತ್ರ ಅಂದಿ."

ಗಣಿತದ ಮಾಸ್ತರ ಚಷ್ಮಾ ತೆಗೆದು ಒರೆಸಿಕೊಂಡ. ಬಹಳ ಹೊತ್ತು ಒರೆಸಿದ.

5, ಮುಗಿಸುವ ಪ್ರಯತ್ನಗಳು

(ಅ) ನಾಜಿಮಾ ನಿಜ ಹೇಳುತ್ತಾಳೆ: ಒಂದು ಬಿದ್ದಿದೆ. ಬೀರವ್ವ ಹೊಳೆಗೆ ಬೀಳುತ್ತಾಳೆ. ಬಿಲ್ಲೆ ಅಳಿಸಲಾಗುತ್ತದೆ. ಕಥೆ ಚೊಕ್ಕ. "ಹಂಗ ಮಾಡಿದ್ರ ನಾ ಆಟಾನ ಬಿಡತೇನಿ," ಎಂದಳು ಅನ್ನಪೂರ್ಣಾ. ಯಾರಿಗೆ ಹೇಳಿದಳೋ, ನನಗೂ ಇರಬಹುದು.

(ಆ) ಸರ್ಫರಾಜನೇ ರಾಮದುರ್ಗದಿಂದ ಬಸ್ಸು ಹಿಡಿದು ಬಂದು ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಗೆ ಬರುತ್ತಾನೆ. ನನಗೆ ಬಹಳ ಹಿಡಿಸಿದ ಕೊನೆ ಇದು. ನಾಜಿಮಾ ಓದಿ, "ಲಗ್ನದ ಸೀಜನ್ ಐತಿ, ಅಂಗಡಿ ಬಿಟ್ಟು ಅಂವ ಹೆಂಗ ಬರತಾನ್ರಿ? ನಾನ ಸುಳ್ಳ ಬಿಟ್ಟೇನಿ, ನೀವ್ ಶುರು ಮಾಡೀರಿ," ಎಂದಳು.

(ಇ) ಕರೆಂಟು ಹೋಗುತ್ತದೆ. ಈ ಕೊನೆ ಬರೆಯಲು ನನಗೇ ನಾಚಿಕೆಯಾಯಿತು.

6

ಹೀಗೆ ನಾನು ಹುಡುಕುತ್ತಿರುವಾಗಲೇ ನಾಜಿಮಾ ನನ್ನನ್ನು ಕೇಳದೆ ಫೋನು ಎತ್ತಿಕೊಂಡು, ಸ್ಪೀಕರಿಗೆ ಹಾಕಿ, ಲ್ಯಾಪ್‌ಟಾಪಿನ ಮೈಕಿನ ಹತ್ತಿರ ಇಟ್ಟಳು. ಗರಗಸ ಮಷೀನಿನ ಸದ್ದು ಕೇಳಿಸಿತು.

"ಹಾಂ, ಹೇಳ್ರಿ ಕಂಪ್ಯೂಟರ್ ಮಂದಿ."

"ಸರ್ಫರಾಜ, ಬೀರವ್ವ ಸೇತುವಿ ಮ್ಯಾಲ ನಿಂತಾಳ. ಹಗ್ಗ ಹರಿಯಾಕತ್ತೈತಿ."

ಗರಗಸ ನಿಂತಿತು.

"ಅಕಿ ಇನ್ನೂ ಅದಾಳ?"

"ಅದಾಳ."

"ಯಾರು ನಡಸಾಕತ್ತೀರಿ?"

"ನಾನ. ದನಿ ಮಾತ್ರ ಬರಂಗಿಲ್ಲ ನನಗ. ಮಾತಾಡ್ಲಾರದ ನಡಸ್ತೇನಿ." ನಾಜಿಮಾ ಉಸಿರೆಳೆದುಕೊಂಡಳು. "ನಾ ಉರುಳಸಿದ ದಾಳಕ್ಕ ಕಿಮ್ಮತ್ತಿಲ್ಲ ಈಗ. ಅದರ ಕಥಿ ಆಮ್ಯಾಲ ಹೇಳ್ತೇನಿ, ಬೇಕಂದ್ರ ಬೈಯುವಂತಿ. ಅಕಿ ನಿನ್ನಾಕಿ. ನಿನ್ನ ದಾಳ ನೀ ಒಗಿ."

ಡ್ರಾಯರ್ ಎಳೆದ ಸದ್ದು. ಪ್ಲೈವುಡ್ಡಿನ ಮೇಲೆ ಸಾಗವಾನಿ ಕಟಕಟನೆ ಉರುಳಿತು. ಉರುಳಿತು, ಇನ್ನೂ ಉರುಳಿತು, ಆಮೇಲೆ ಠಕ್ಕೆಂದಿತು.

"ಹೋತು," ಎಂದ ಸರ್ಫರಾಜ. "ಮಂಚದ ಬುಡಕ."

(ನಾನು ಮಾಡಿದ್ದಲ್ಲ. ಅವನ ಅಂಗಡಿಯ ನೆಲವೇ ಹಾಗೆ ಇಳಿಜಾರು.)

ಮೊಣಕಾಲೂರಿ ಬಗ್ಗಿದ ಏದುಸಿರು. ಆಮೇಲೆ ಮಂಚದ ಅಡಿಯಿಂದ, ದೂರದಿಂದ ಬಂದಂತೆ: "ಕಂಡೈತಿ. ಹೇಳಲೋ, ಬ್ಯಾಡೋ?"

ನಾಜಿಮಾ, ಅನ್ನಪೂರ್ಣಾ ಇಬ್ಬರೂ ಪರದೆಯ ಮೇಲೆ ವಿರೂಪಾಕ್ಷನ ಚೌಕವನ್ನು ನೋಡುತ್ತಿದ್ದರು. ಅವನು ಚಷ್ಮಾ ಹಾಕಿಕೊಂಡ, ಪೆನ್ನು ಹುಡುಕಿದ.

"ಹೇಳಪಾ," ಎಂದ. "ಬರಕೋತೇನಿ."

ಸರ್ಫರಾಜ ಹೇಳಿದ.

7

ಎಷ್ಟು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ವಿರೂಪಾಕ್ಷ ಕಾಗದದ ಮೇಲೆ ಅಂಗೈ ಮುಚ್ಚಿ, "ನೀವು ಆಟದಾಗ ಇಲ್ಲಲ್ರಿ," ಎಂದ. ಸಾಫ್ಟ್‌ವೇರಿನಲ್ಲಿ ಹುಡುಕಿದೆ. ಬಾಯಿಂದ ಹೇಳಿದ್ದನ್ನು ಇಟ್ಟುಕೊಳ್ಳುವ ಜಾಗ ಅದರಲ್ಲಿಲ್ಲ. ಕೊನೆಯ ದಾಳ ಇನ್ನೂ ಒಂದು ಎಂದೇ ತೋರಿಸುತ್ತಿದೆ. ನಾಜಿಮಾಳ ಮುಖ ನೋಡಿದೆ. ಅಲ್ಲಿ ಇಪ್ಪತ್ತೂ ಇತ್ತು, ಒಂದೂ ಇತ್ತು.

ಅವಳು ಮೌಸಿನಿಂದ ಕೈ ತೆಗೆದಳು. ಬೀರವ್ವನ ಬಿಲ್ಲೆ ಹರಿಯುವ ಹಗ್ಗದ ಮೇಲೆ, ಯಾರ ಕೈಯೂ ಇಲ್ಲದೆ ನಿಂತಿತ್ತು. ಮುಂದಿನ ಸಾಲು ನಾನು ಬರೆಯಬೇಕಿತ್ತು. ಬೀಳಿಸಲೋ, ದಾಟಿಸಲೋ ಎಂದು ಪೆನ್ನು ಹಿಡಿದು ಕೂತಿದ್ದೆ.

ಅಷ್ಟರಲ್ಲಿ ಫೋನಿನಿಂದ, ರಾಮದುರ್ಗದ ಮಂಚವೊಂದರ ಅಡಿಯಿಂದ, ಸಣ್ಣ ನಡುಗುವ ದನಿಯೊಂದು ಬಂತು:

"ಯವ್ವಾ… ಏನ್ ಗಾಳಿ ಬಿಟ್ಟೈತವ್ವಾ ಇಲ್ಲೆ. ನನ್ನ ಕೋಲು ಎಲ್ಲೈತಿ?"