ಕಚ್ಚಿಟ್ಟ ರೊಟ್ಟಿ

ಎಸೆನ್‌ಗೆ ಕಣ್ಣು ಕಾಣುವ ಕೊನೆಯ ಚಳಿಗಾಲ ಅದೇ. ಮುಂದಿನ ವರ್ಷ ಹಿಮ ಬೀಳುವ ಹೊತ್ತಿಗೆ ಕಣ್ಣು ಪೂರ್ತಿ ಹೋಗಿರುತ್ತದೆ ಎಂದು ಕರಾಕೋಲ್ ಪಟ್ಟಣದ ಡಾಕ್ಟರು ಹೇಳಿಬಿಟ್ಟಿದ್ದರು. ನಮ್ಮೂರ ಹಿಂದಿನ ಶಿಖರವನ್ನು ನಾವು ಗೆಳೆಯರಿಬ್ಬರೂ ಬೇಸಿಗೆಯಲ್ಲಿ ಎಷ್ಟೋ ಸಲ ಹತ್ತಿದ್ದೆವು, ಚಳಿಗಾಲದಲ್ಲಿ ಒಮ್ಮೆಯೂ ಇಲ್ಲ. ಅದೊಂದು ಆಸೆ ಅವನಿಗೆ ಉಳಿದಿತ್ತು.

ಹೊರಡುವಾಗ ಅವನ ಹೆಂಡತಿ ಬುರುಲ್ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. ಎಸೆನ್ ಒಂದು ತುಂಡು ಕಚ್ಚಿದ. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದಳು. ನಮ್ಮ ಕಡೆಯ ಪದ್ಧತಿ ಅದು: ಕಚ್ಚಿ ಹೊರಟವನೇ ವಾಪಸ್ ಬಂದು ಅದನ್ನು ತಿಂದು ಮುಗಿಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

“ಕುಬಾತಣ್ಣ, ಇವರನ್ನ ಹುಷಾರಾಗಿ ಕರ್ಕೊಂಡ್ ಬನ್ನಿ,” ಎಂದಳು.

“ಇವನೇನು ಕರ್ಕೊಂಡ್ ಬರ್ತಾನೆ? ಇವನನ್ನೇ ನಾನು ಹೊತ್ಕೊಂಡ್ ಬರ್ಬೇಕು,” ಎಂದ ಎಸೆನ್.

ಶಿಖರದ ಕೆಳಗಿನ ಕೊನೆಯ ಇಳಿಜಾರಿನ ಬುಡದಲ್ಲಿ ನನ್ನ ಕಾಲಡಿಯ ಹಿಮ ಗುಮ್ಮೆಂದು ಕುಸಿಯಿತು. ಸಲಿಕೆಯಿಂದ ಅಗೆದು ನೋಡಿದೆ. ಮೇಲೆ ಗಾಳಿ ಬಡಿದು ಹಲಗೆಯಂತಾದ ಹಿಮ, ಅದರಡಿ ಸಕ್ಕರೆಯಂತೆ ಸುರಿಯುವ ಸಡಿಲ ಹಿಮ. ಮೇಲಿನದು ಜಾರಿದರೆ ಇಬ್ಬರ ಹೆಣವೂ ವಸಂತದಲ್ಲೇ ಸಿಗುವುದು.

“ವಾಪಸ್ ಹೋಗೋಣ,” ಎಂದೆ.

“ಲೋ, ತುದಿ ಕಾಣ್ತಿದೆ ಕಣೋ. ನನಗೇ ಕಾಣ್ತಿದೆ ಅಂದ್ರೆ ಎಷ್ಟು ಹತ್ರ ಇರ್ಬೇಕು ನೋಡು!”

“ಬೇಡ ಅಂದ್ರೆ ಬೇಡ. ಬುರುಲ್‌ಗೆ ನಾನು ಏನಂತ ಹೇಳ್ಲಿ?”

“ಗಂಡ ಖುಷಿಯಾಗಿದ್ದ ಅಂತ ಹೇಳು.”

ನಾನು ಕೆಳಗೆ ತಿರುಗಿದೆ. ನಮ್ಮಿಬ್ಬರ ಸೊಂಟಕ್ಕೂ ಒಂದೇ ಹಗ್ಗ. ಅವನು ಬರಲೇಬೇಕಾಯಿತು.

ಮನೆಯಲ್ಲಿ ಬುರುಲ್ ರೊಟ್ಟಿ ಇಳಿಸಿ ತಂದರೆ ಎಸೆನ್ ಮುಖ ತಿರುಗಿಸಿದ. “ಅಲ್ಲೇ ಇರ್ಲಿ. ನಾನಿನ್ನೂ ಹೋಗೇ ಇಲ್ಲ.”

ಹಿಮ ಗಟ್ಟಿಯಾದ ಮೇಲೆ ಇನ್ನೊಮ್ಮೆ ಹೋಗೋಣ ಎಂದುಕೊಂಡಿದ್ದೆ. ಡಾಕ್ಟರ ಲೆಕ್ಕವೇ ತಪ್ಪಿತು. ಚಳಿಗಾಲ ಮುಗಿಯುವ ಮೊದಲೇ ಅವನ ಕಣ್ಣು ಹೋಯಿತು.

ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಆ ಇಳಿಜಾರನ್ನು ನೋಡುತ್ತಿದ್ದೆ. ಅದರ ಹಿಮ ಒಮ್ಮೆ ಜಾರಿ ಬಿದ್ದುಬಿಡಲಿ, ನಾನು ತಿರುಗಿದ್ದು ಸರಿ ಎಂದು ಅವನಿಗೂ ಗೊತ್ತಾಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಹಾಳಾದ್ದು, ಕದಲಲೇ ಇಲ್ಲ. ಇವತ್ತು ಕೇಳಿದರೂ ವಾಪಸ್ ಹೋಗೋಣ ಎಂದೇ ಹೇಳುತ್ತೇನೆ. ಆದರೂ ಅವನ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ತಡೆಯಲಾಗದೆ ಅವನ ಮನೆಗೆ ಹೋಗಿ ಹೇಳಿಬಿಟ್ಟೆ. “ನಿನ್ನೆ ಸಂಜೆ ಆ ಇಳಿಜಾರಿನ ಹಿಮ ಬಿತ್ತು ಕಣೋ. ಪೂರ್ತಿ.”

ಕಿಟಕಿಯಾಚೆ ಇಳಿಜಾರಿನ ಹಿಮ ಇಡಿಯಾಗಿ ಹೊಳೆಯುತ್ತಿತ್ತು. ಚಹಾ ಬಗ್ಗಿಸುತ್ತಿದ್ದ ಬುರುಲ್ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ಕಣ್ಣು ಹೋಗಿದೆ ಕುಬಾತ್,” ಎಂದ ಎಸೆನ್. “ಕಿವಿ ಹೋಗಿಲ್ಲ. ಅಷ್ಟು ದೊಡ್ಡದು ಬಿದ್ರೆ ನಮ್ಮನೆ ಗಾಜು ನಡುಗುತ್ತೆ.”

ನಾನು ತಲೆ ತಗ್ಗಿಸಿದೆ.

“ಬುರುಲ್, ಆ ರೊಟ್ಟಿ ಕೊಡು,” ಎಂದ.

ಕಲ್ಲಾಗಿದ್ದ ರೊಟ್ಟಿಯನ್ನು ಹಾಲು ಚಹಾದಲ್ಲಿ ಅದ್ದಿ ಅದ್ದಿ ನಿಧಾನವಾಗಿ ತಿಂದ. ಮಡಿಲಲ್ಲಿ ಬಿದ್ದ ಪುಡಿಯನ್ನೂ ತಡಕಿ ಬಾಯಿಗೆ ಹಾಕಿಕೊಂಡ.

“ಸುಮ್ನೆ ಕೊರಗಬೇಡ ಮಾರಾಯ,” ಎಂದ. “ವಾಪಸ್ ಬಂದೆ.”