ಟೆಲಿಫೋನ್ ಅಜ್ಜಿಯ ಕೈಗಳು

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಅತ್ತಿಂದಿತ್ತ ಜೋಡಿಸಿಕೊಟ್ಟ ಹೆಂಗಸಿಗೆ ಹುಟ್ಟಿದ ಒಬ್ಬನೇ ಮಗನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬಂದ ಸೊಸೆಗೂ ಕೇಳಿಸುತ್ತಿರಲಿಲ್ಲ. ಅದನ್ನವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಎರಡೂ ಕಿವಿ ನೆಟ್ಟಗಿರುವ ಮೊಮ್ಮಗಳು, ಮೂರು ತುಂಬುತ್ತ ಬಂದರೂ ತುಟಿ ಪಿಟಕ್ಕೆನ್ನದೆ ಬರೀ ಕೈಯಾಡಿಸುವುದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಮಗನ ಮನೆಗೆ ಬಂದು ಹತ್ತು ದಿನವಾಗಿತ್ತು. ಹಸಿವಾದರೆ ಮಗು ಅಜ್ಜಿಯ ಮೊಣಕಾಲು ತಟ್ಟಿ ಬೆರಳು ಬಾಯಿಗೊಯ್ಯುತ್ತಿತ್ತು. ಅಜ್ಜಿ ಬೆನ್ನು ಹಾಕಿ ನಿಂತಿದ್ದರೆ ನೆಲ ಅದುರುವಂತೆ ಕಾಲು ಬಡಿಯುತ್ತಿತ್ತು. ಅವಳ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡು ಕತೆಯೊಂದನ್ನು ಪೂರಾ ಬೆರಳಲ್ಲೇ ಹೇಳಿ ಮುಗಿಸುತ್ತಿತ್ತು. ಅಜ್ಜಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಮಗ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಕೈಯ ಅಂಟು ಒರೆಸಿಕೊಂಡು ಚೀಟಿಯಲ್ಲಿ ಬರೆದು ತೋರಿಸಿದ: 'ಇವಳು ಮಾತಾಡ್ತಾಳಮ್ಮ. ಶಿಶುವಿಹಾರದ ಟೀಚರ್ ಹೇಳಿದಾರೆ.'

ಕಿವಿ ಕೇಳದವನು ಮಾತಿಗೆ ಸಾಕ್ಷಿ ಎಂದು ಅಜ್ಜಿ ಒಳಗೊಳಗೇ ಸಿಡುಕಿದಳು. ಚೀಟಿಯ ಹಿಂದೆ ತನ್ನ ತೀರ್ಪು ಗೀಚಿದಳು: ಭಾನುವಾರದೊಳಗೆ ಒಂದು ಮಾತು ಕೇಳಿಸದಿದ್ದರೆ ಮಗುವನ್ನು ನನ್ನ ಮನೆಗೆ ಕರೆದೊಯ್ಯುತ್ತೇನೆ, ಅಲ್ಲಿ ಕೈಸನ್ನೆ ಬಂದ್. ಅದನ್ನು ಓದಿ ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ವೇಳೆ ಅಮ್ಮ ಹೇಳುವುದೇ ಸರಿಯಿದ್ದರೆ ಎಂಬ ಅಳುಕಿಗೆ ಮಗ ತಲೆ ತಗ್ಗಿಸಿದ.

ಅವಳ ಹಟಕ್ಕೂ ಕಾರಣವಿತ್ತು. ಮಗ ಚಿಕ್ಕವನಿದ್ದಾಗ ಯಾರೋ ತಿಳಿದವರು, ಕೈಯಾಡಿಸಲು ಬಿಟ್ಟರೆ ಬಾಯಿ ಬರುವುದಿಲ್ಲ ಎಂದಿದ್ದರು. ಅವನ ಎರಡೂ ಮಣಿಕಟ್ಟುಗಳನ್ನು ಮಡಿಲಲ್ಲಿ ಒತ್ತಿ ಹಿಡಿದು, ತುಟಿ ಅಗಲಿಸಿ ಅಗಲಿಸಿ ತೋರಿಸುತ್ತ ಹೆಣಗಿದ್ದಳು. ಕಿವಿ ಕೇಳದ ಮಗನೆದುರು ಅವಳ ದನಿಗೆ ಕೆಲಸವೇನು? ಅದು ತಾನಾಗಿ ಬಿಟ್ಟುಹೋಗಿ, ಬಾಯಾಡಿಸುವುದೊಂದೇ ಉಳಿಯಿತು. ಮಗನಿಗೆ ಮಾತೂ ಬರಲಿಲ್ಲ, ಅವನ ಕೈಮಾತನ್ನು ಅವಳು ಕಲಿಯಲೂ ಇಲ್ಲ.

ಶುಕ್ರವಾರ ಮಗುವನ್ನು ಕರೆತರಲು ಶಿಶುವಿಹಾರಕ್ಕೆ ತಾನೇ ಹೋದಳು. ಬಾಗಿಲಲ್ಲಿ ಕೊಡೆ ಮಡಚುತ್ತಿದ್ದಾಗ ಒಳಗಿಂದ ಗದರಿಕೆ ಕೇಳಿಸಿತು.

"ಏಯ್ ಆನೆ, ನೆಟ್ಟಗೆ ಕೂತ್ಕೋ! ಎಷ್ಟ್ ಸಲ ಹೇಳ್ಬೇಕು ನಿಂಗೆ? ಇನ್ನೊಂದ್ಸಲ ಬಿದ್ರೆ ನಾನ್ ಎತ್ತಲ್ಲ!"

ಬಗ್ಗಿ ನೋಡಿದರೆ ಮೊಮ್ಮಗಳು, ಎದುರಿಗೆ ಬಟ್ಟೆಯ ಆನೆ. ಅಜ್ಜಿಯನ್ನು ಕಂಡದ್ದೇ ಬಾಯಿಗೆ ಬೀಗ ಬಿತ್ತು, ಕೈಗಳೆರಡೂ ಮೇಲೆದ್ದವು.

"ಇವಳಾ? ದಿನವಿಡೀ ನನ್ ತಲೆ ತಿಂತಾಳೆ," ಎಂದರು ಟೀಚರ್. "ಅಜ್ಜಿ ಹತ್ರ ಯಾಕೆ ಮಾತಾಡಲ್ವೇ?"

ಇಷ್ಟೂ ತಿಳಿಯದೇ ಎನ್ನುವಂತೆ ಮಗು ಟೀಚರನ್ನು ನೋಡಿತು. "ಅಜ್ಜಿಗೆ ಕಿವಿ ಕೇಳ್ಸಲ್ಲ. ಬರೀ ಬಾಯಾಡಿಸ್ತಾರೆ."

ಹತ್ತು ದಿನದಿಂದ ಆ ಮನೆಯಲ್ಲಿ, ಮಗುವಿನೆದುರು ಕೂಡ ತಾನು ಒಮ್ಮೆಯೂ ದನಿ ಹೊರಡಿಸಿಲ್ಲವೆಂದು ಆಗ ಅಜ್ಜಿಗೆ ಹೊಳೆಯಿತು. ಕಿವಿಯಿದ್ದವರಿಗೆ ಬಾಯಿ, ಇಲ್ಲದವರಿಗೆ ಕೈ ಎಂದು ಮಗು ಸರಿಯಾಗಿಯೇ ವಿಂಗಡಿಸಿತ್ತು. ಅಜ್ಜಿಗೆ ನಾಚಿಕೆಯಾಯಿತು, ನಗುವೂ ಬಂತು.

"ಪುಟ್ಟಿ, ನಂಗೆ ಕೇಳ್ಸುತ್ತೆ ಕಣೇ," ಎಂದಳು, ಎಕ್ಸ್‌ಚೇಂಜಿನ ಆ ಹಳೆಯ ಖಣಖಣ ದನಿಯಲ್ಲಿ.

ಮಗು ನಂಬಲಿಲ್ಲ. ಬಾಗಿಲ ಹಿಂದೆ ಅಡಗಿ ಪಿಸುಗುಟ್ಟಿತು. "ಅಜ್ಜಿ ಮೂಗು ದಪ್ಪ."

"ನಿಂದೇನ್ ಕಮ್ಮಿನಾ?"

ಅಷ್ಟೇ ಸಾಕಾಯಿತು. ಬಸ್ ನಿಲ್ದಾಣದವರೆಗೂ ಅಜ್ಜಿಗೆ ಉಸಿರಾಡಲು ಬಿಡದೆ ಹರಟಿತು. ಬೆಂಚಿನ ಮೇಲೆ ಕೂತಾಗ ಅಜ್ಜಿ ಮೆಲ್ಲಗೆ ಕೇಳಿದಳು. "'ನಂದೇ ತಪ್ಪು, ನಂಗೂ ಕಲಿಸು' ಅಂತ ಕೈಯಲ್ಲಿ ಹೇಗೆ ಹೇಳೋದೇ?" ಮಗು ತೋರಿಸಿತು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಜ್ಜಿ ಬಸ್ಸು ಬರುವವರೆಗೂ ಅಭ್ಯಾಸ ಮಾಡಿದಳು. ಜನ ನೋಡಿದರು, ನೋಡಲಿ ಬಿಡು ಎಂದುಕೊಂಡಳು.

ಮನೆಯ ಕರೆಗಂಟೆಯ ಗುಂಡಿ ಒತ್ತಿದೊಡನೆ, ಸದ್ದಿನ ಬದಲು ಒಳಗಿನ ದೀಪ ಮಿನುಗಿತು. ಬಾಗಿಲು ತೆರೆದ ಮಗ ಎಂದಿನಂತೆ ಅಮ್ಮನ ತುಟಿ ನೋಡಿದ. ತುಟಿ ಅಲ್ಲಾಡಲಿಲ್ಲ. ಬೆರಳುಗಳಲ್ಲಿ ಅವಳು ತನ್ನ ಎರಡು ಮಾತು ಹೇಳಿದಳು, ಅರ್ಧಂಬರ್ಧ.

ಮಗ ಮುಂದೆ ಬಂದು ಅವಳ ಎರಡೂ ಮಣಿಕಟ್ಟು ಹಿಡಿದ. ಆ ಹಿಡಿತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಕಣ್ಣು ಮುಚ್ಚಿಕೊಂಡಳು. ಮಗ ಅವಳ ಸೊಟ್ಟಗಾಗಿದ್ದ ತೋರುಬೆರಳನ್ನು ನೆಟ್ಟಗೆ ಮಾಡಿ, ಕೈ ಬಿಟ್ಟು, ತಾನೂ ಕೈಯಾಡಿಸಿ ಏನೋ ಹೇಳಿದ.

"ಅಜ್ಜಿ, ಕಣ್ ಬಿಡಿ!" ಮಗು ಕೂಗಿತು. "ಅಪ್ಪ ಹೇಳ್ತಿದಾರೆ, ಇನ್ನೊಂದ್ಸಲ ಮಾಡ್ಬೇಕಂತೆ."