ಬಲಿಪೀಠಕ್ಕೆ ಹೊದಿಸಿದ ತಾಮ್ರ

ಕೆಂಡದ ಮೇಲೆ ಧೂಪ ಹಾಕಿ ಹಿಡಿಯುವ ಇನ್ನೂರೈವತ್ತು ತಾಮ್ರದ ಧೂಪಾರತಿಗಳು ಕಂಚುಗಾರ ಅಹ್ಯಾನನ ಗುಡಾರದ ಮುಂದೆ ಬಂದು ಬಿದ್ದವು. ಅವನ್ನು ಹಿಡಿದಿದ್ದವರೆಲ್ಲ ನಿನ್ನೆ ಬೂದಿಯಾಗಿದ್ದರು. ದೇವರ ಸನ್ನಿಧಿಯಿಂದ ಬೆಂಕಿ ಹೊರಟು ಒಂದೇ ಉಸಿರಿಗೆ ನುಂಗಿಬಿಟ್ಟಿತ್ತು. ಅಹ್ಯಾನನ ಒಬ್ಬನೇ ಮಗ ಯೆರೆದನೂ ಅವರಲ್ಲಿದ್ದ.

“ಎಲ್ಲಾನೂ ಬಡಿದು ತಗಡು ಮಾಡ್ಬೇಕಂತೆ ಕಣಪ್ಪ, ಬಲಿಪೀಠಕ್ಕೆ ಹೊದಿಸೋಕೆ,” ಎಂದ ಯಾಜಕರು ಕಳಿಸಿದ ಲೇವಿಯ, ದೇವರ ಗುಡಾರದ ಊಳಿಗದವ. “ಯಾಜಕರಲ್ಲದೋರು ಧೂಪ ಹಾಕೋಕೆ ಬಂದ್ರೆ ಏನಾಗ್ತೈತೆ ಅಂತ ಜನಕ್ಕೆ ನೆನಪಿರಲಿ ಅಂತ.”

“ಪಾಳೆಯದಲ್ಲಿ ಬೇರೆ ಕಂಚುಗಾರರು ಇಲ್ವಾ?”

“ಅವರೆಲ್ಲ ಮುಟ್ಟೋಕೆ ಹೆದರ್ತಾರೆ. ನೀನು ಹೆಂಗೂ ಕಳ್ಕೊಂಡಿದ್ದೀಯಲ್ಲ.”

ನಿನ್ನ ಬಾಯಿಗೆ ಬೆಂಕಿ ಹಾಕ ಎನ್ನಲು ಹೋಗಿ ಅಹ್ಯಾನ ನಾಲಿಗೆ ಕಚ್ಚಿಕೊಂಡ. ಆ ಬೈಗುಳ ಇನ್ನು ಈ ಪಾಳೆಯದಲ್ಲಿ ಯಾರ ಬಾಯಲ್ಲೂ ಬರುವಂತಿರಲಿಲ್ಲ.

ಯೆರೆದನ ಧೂಪಾರತಿ ಹುಡುಕುವುದು ಕಷ್ಟವಾಗಲಿಲ್ಲ. ಮಾಡಿಕೊಟ್ಟವನು ಅಹ್ಯಾನನೇ ತಾನೆ! “ನಾವೆಲ್ಲ ದೇವರ ಜನಾನೇ ಅಲ್ವೇನಪ್ಪ? ಆ ಯಾಜಕರ ಮನೆತನದೋರು ಮಾತ್ರ ಯಾಕೆ ದೇವರ ಹತ್ರ ಹೋಗ್ಬೇಕು?” ಎಂದು ಮಗ ಕೇಳಿದಾಗ ಹೌದಲ್ಲ ಅನ್ನಿಸಿತ್ತು. ಬೇಡ ಕಣೋ ಎಂದು ಗದರುವುದು ಬಿಟ್ಟು, ಕೆಂಡದ ಕಾವು ಹುಡುಗನ ಕೈಗೆ ತಾಗದಿರಲೆಂದು ಹಿಡಿಯನ್ನು ಗೇಣುದ್ದ ಹೆಚ್ಚಿಗೆ ಇಟ್ಟು ಕೊಟ್ಟಿದ್ದ. ಥೂ, ತನ್ನ ಬುದ್ಧಿಗಿಷ್ಟು!

“ಇದೊಂದನ್ನ ಬಿಟ್ಬಿಡಪ್ಪ,” ಎಂದು ಅದನ್ನು ಎದೆಗವಚಿಕೊಂಡ. “ಹೂಳೋಕೆ ಒಂದು ಮೂಳೇನೂ ಸಿಗ್ಲಿಲ್ಲ. ಅವರಮ್ಮ ಇದನ್ನಾದ್ರೂ ಮಣ್ಣು ಮಾಡಿ ಅಳ್ತಾಳೆ.”

ಲೇವಿಯ ಕೆಟ್ಟವನೇನಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. “ದೇವರ ಮುಂದೆ ತಂದಿದ್ದು ಕಣಪ್ಪ, ಪವಿತ್ರ ಆಗೋಯ್ತು. ಹಿಡಿದೋರು ಪಾಪಿಗಳು, ಹಿಡಿದಿದ್ದು ಪವಿತ್ರ. ಒಂದು ಕಡಿಮೆ ಬಂದ್ರೆ ನಾಳೆ ನಿನ್ನ ಗುಡಾರಕ್ಕೆ ಏನು ಬರ್ತೈತೋ. ನಾನೇನ್ಮಾಡ್ಲಿ ಹೇಳು?”

ಅಹ್ಯಾನ ಅದನ್ನೇ ಮೊದಲು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಅಳುತ್ತಲೇ ಬಡಿದ.

ಎಲ್ಲ ಮುಗಿದು ತಗಡು ಬಲಿಪೀಠಕ್ಕೇರಿದ ದಿನ ಹೆಂಡತಿ ಹೆಲಾ ಅವನ ಜೊತೆ ದೇವರ ಗುಡಾರದ ಅಂಗಳದ ಬಾಗಿಲವರೆಗೆ ಬಂದಳು. ಅಲ್ಲಿಂದಾಚೆ ಅವರಿಬ್ಬರೂ ಹೋಗುವಂತಿರಲಿಲ್ಲ. ಬಿಸಿಲಿಗೆ ತಾಮ್ರ ಕಣ್ಣು ಕುಕ್ಕುತ್ತಿತ್ತು.

“ನಮ್ಮ ಯೆರೆದಂದು ಯಾವ ಕಡೆ ಐತ್ರೀ?” ಎಂದು ಕೇಳಿದಳು. “ಆ ಕಡೆ ಮುಖ ಮಾಡಿ ಒಂದಿಷ್ಟು ಅಳ್ತೀನಿ.”

ಅಹ್ಯಾನ ಹಣೆಗೆ ಕೈಯಿಟ್ಟು ನೋಡಿದ. ಬೆಸುಗೆ ಎಲ್ಲೂ ಕಾಣಲಿಲ್ಲ.

“ಗೊತ್ತಾಗ್ತಿಲ್ಲ ಕಣೆ,” ಎಂದ. “ಚೆನ್ನಾಗಿ ಬಡಿದುಬಿಟ್ಟೆ.”